ಗೀಸರ್ ದಿನವಿಡೀ ಆನ್ ಇಟ್ಟರೆ ಉಳಿತಾಯವೇ?
ಚಳಿಗಾಲದಲ್ಲಿ ಗೀಸರ್ ಆರಿಸದೆ ಬಿಟ್ಟರೆ ಕರೆಂಟ್ ಉಳಿಯುತ್ತದೆ ಅಂತ ಒಂದು ಲೇಖನದಲ್ಲಿದೆ. ಲೆಕ್ಕ ಹಾಗೆ ಬರೋದಿಲ್ಲ ಸ್ವಾಮಿ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.7 ಯೂನಿಟ್ ಬೇಕು. 2 ಕಿಲೋವ್ಯಾಟ್ ಕಾಯಿಲ್‌ಗೆ ಸುಮಾರು ಇಪ್ಪತ್ತೊಂದು ನಿಮಿಷದ ಕೆಲಸ. ಆನ್ ಇಟ್ಟರೆ ಟ್ಯಾಂಕ್ ಕಳೆದುಕೊಳ್ಳುವ ಶಾಖವನ್ನು ತುಂಬಲು ಥರ್ಮೋಸ್ಟಾಟ್ ಹಗಲೂ ರಾತ್ರಿ ಕಾಯಿಲ್ ಹಚ್ಚುತ್ತಲೇ ಇರುತ್ತದೆ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿದರೆ ಸಾಕು.

ಆ ಲೇಖನ ಬಿಟ್ಟಿರುವ ಮುಖ್ಯ ವಿಷಯ, ಬೋರ್‌ವೆಲ್ ನೀರಿನ ಸುಣ್ಣ. ಕಾಯಿಲ್ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂತರೆ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ, ಕಾಯಿಲ್ಲೇ ಮಿತಿಮೀರಿ ಕಾದು ಸುಟ್ಟುಹೋಗುತ್ತದೆ. ಕಾಯುವಾಗ ಗೊರಗೊರ ಸದ್ದು ಬಂದರೆ ಬಹುತೇಕ ಅದೇ. ಸರ್ವಿಸ್‌ಗೆ ಬಿಚ್ಚಿಸಿದಾಗ ಟ್ಯಾಂಕಿನ ಬದಲು ತಾನೇ ಸವೆದು ತುಕ್ಕು ತಡೆಯುವ ಮೆಗ್ನೀಸಿಯಂ ರಾಡನ್ನೂ ನೋಡಿ. ತಂತಿಯಷ್ಟು ಸವೆದಿದ್ದರೆ ಬದಲಿಸಿ, ಇಲ್ಲದಿದ್ದರೆ ತುಕ್ಕು ಹಿಡಿಯುವ ಸರದಿ ಟ್ಯಾಂಕಿನದು.