ಗರಿಕೆ ಕಿತ್ತು ಬರ್ಮುಡಾ ನೆಟ್ಟ ಕಥೆ

ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ನೆಲವನ್ನು ಬರಿದಾಗಿ ಉಳಿಸಿಕೊಳ್ಳುವುದೇ ಕಷ್ಟ. ಮೃಗಶಿರ ಮಳೆ ಹಿಡಿದ ಮೇಲೆ ಬೇಲಿಗೆಂದು ಊರಿದ ಗೂಟ ಚಿಗುರುತ್ತದೆ. ಹಿತ್ತಿಲಲ್ಲಿ ನಿಲ್ಲಿಸಿ ಮರೆತ ಹಳೆಯ ಸ್ಕೂಟರಿನ ಸೀಟಿನಲ್ಲಿ ಜರಿಗಿಡ ಹುಟ್ಟಿದ್ದನ್ನು ನಾನೇ ಕಂಡಿದ್ದೇನೆ. ಇಂಥ ಊರಿನಲ್ಲಿ ದುಡ್ಡು ಕೊಟ್ಟು ಹುಲ್ಲು ತಂದು ನೆಡಿಸಿದವನು ನಾನು. ನಿವೃತ್ತ ಮೇಷ್ಟ್ರಾದವನು ಚೀಟಿ ವ್ಯವಹಾರಕ್ಕೆ ಕೈ ಹಾಕಬಾರದು, ಪಂಚಾಯಿತಿ ಚುನಾವಣೆಗೆ ನಿಲ್ಲಬಾರದು ಎಂದು ಹಿರಿಯರು ಎಚ್ಚರಿಸಿದ್ದರು. ಎರಡರಿಂದಲೂ ತಪ್ಪಿಸಿಕೊಂಡೆ. ಹುಲ್ಲಿನ ವಿಷಯ ಯಾರೂ ಹೇಳಿರಲಿಲ್ಲ.

ಎಲ್ಲಕ್ಕೂ ಮೂಲ ನನ್ನ ಭಾವ. ಶಿವಮೊಗ್ಗದ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದರು. ದೇವರ ಕೋಣೆಗಿಂತ ಮೊದಲು ತೋರಿಸಿದ್ದು ಲಾನ್. ಎರಡು ಈಚಲು ಚಾಪೆ ಹಾಸುವಷ್ಟು ಜಾಗ. "ಕಾಲಿಡಬೇಡಿ" ಎಂದರು. ಹಾಗಾದರೆ ಕೂರಬಹುದೇ ಎಂದು ಕೇಳಿದೆ. "ಕೂರುವುದಕ್ಕೆ ಜಗಲಿ ಇದೆಯಲ್ಲ ಮಾರಾಯರೇ, ಇದು ನೋಡುವುದಕ್ಕೆ!" ನಾವೆಲ್ಲರೂ ಸಾಲಾಗಿ ನಿಂತು ನೋಡಿದೆವು. ನನ್ನ ಹೆಂಡತಿ ಹುಲ್ಲನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಲ್ಲಿಗೆ ತೀರ್ಮಾನವಾಯಿತು.

ಲಾನ್ ಎಂಬುದು ಯುರೋಪಿನ ಜಮೀನ್ದಾರರ ಖಯಾಲಿ. ಇಷ್ಟು ಜಾಗದಲ್ಲಿ ನಾನು ಬೆಳೆ ಬೆಳೆಯಬೇಕಾಗಿಲ್ಲ, ಸುಮ್ಮನೆ ಬಿಡುವ ತಾಕತ್ತು ನನಗಿದೆ ಎಂದು ನೆರೆಯವರಿಗೆ ಸಾರುವ ಉಪಾಯ. ಮೊದಲೆಲ್ಲ ಅದನ್ನು ಕುರಿ ಬಿಟ್ಟು ಮೇಯಿಸಿಯೋ ಆಳುಗಳಿಂದ ಕುಡುಗೋಲಿನಲ್ಲಿ ಕೊಯ್ಯಿಸಿಯೋ ಮಟ್ಟಸ ಮಾಡುತ್ತಿದ್ದರು. 1830ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್ ಎಂಬಾತ, ಉಣ್ಣೆ ಗಿರಣಿಯಲ್ಲಿ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರವನ್ನು ನೋಡಿ, ಹುಲ್ಲಿಗೂ ಅಂಥದೇ ಒಂದನ್ನು ಮಾಡಿದ. ಹೆಸರಿನಲ್ಲೇ ಬಡ್ಡಿ ಇದೆ. ಅಸಲು ಅವರದು, ಬಡ್ಡಿ ಕಟ್ಟುತ್ತಿರುವವರು ನಾವು. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ನಮ್ಮ ಮಗ್ಗುಲಿನ ಆಗುಂಬೆಯಲ್ಲಿ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಅವರ ಹತ್ತು ವರ್ಷಗಳ ಮಳೆಗಾಲ ನಮಗೆ ಒಂದೇ ವರ್ಷದಲ್ಲಿ ಮುಗಿದು ಮಿಗುತ್ತದೆ. ಆ ಮಳೆಯ ಹುಲ್ಲನ್ನು ಈ ಮಳೆಗೆ ತಂದು ನಿಲ್ಲಿಸಿ, ಹಸಿರಾಗಿಯೂ ಇರು, ಒಣಗಿಯೂ ಇರು ಎನ್ನುತ್ತೇವೆ.

ನರ್ಸರಿಯವನು "ಮೆಕ್ಸಿಕನ್ ಬೇಕೋ, ಬರ್ಮುಡಾ ಬೇಕೋ?" ಎಂದು ಕೇಳಿದ. ಹೋಟೆಲಿನಲ್ಲಿ ಸಾದಾ ದೋಸೆಯೋ ಮಸಾಲೆಯೋ ಎಂದಷ್ಟೇ ಕೇಳಿಸಿಕೊಂಡು ಬೆಳೆದವನು ನಾನು, ಬರ್ಮುಡಾ ಎಂದುಬಿಟ್ಟೆ. (ಮೆಕ್ಸಿಕನ್ ಎಂದು ಮಾರುವ ಹುಲ್ಲು ಮೆಕ್ಸಿಕೋದ್ದಲ್ಲ, ಏಷ್ಯಾ ಮೂಲದ ಜೋಯ್ಸಿಯಾ ಎಂಬುದು ಆಮೇಲೆ ತಿಳಿಯಿತು.) ನೆಲ ಹಸನು ಮಾಡಲು ಇಬ್ಬರು ಆಳುಗಳು ಎರಡು ದಿನ ಕೂತು ಅಂಗಳದ ಅಂಚಿನ ಗರಿಕೆಯನ್ನೆಲ್ಲ ಬೇರುಸಹಿತ ಕಿತ್ತು ತಿಪ್ಪೆಗೆ ಹಾಕಿದರು. ಮೂರನೆಯ ದಿನ ಬರ್ಮುಡಾ ಬಂತು. ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, ಒಂದು ಎಳೆ ಚಿವುಟಿ, "ಕಿತ್ತು ಎಸೆದದ್ದೂ ಇದೇ ಅಲ್ಲವೇನೋ?" ಎಂದಳು. ಅಮ್ಮನಿಗೆ ಇದೆಲ್ಲ ತಿಳಿಯುವುದಿಲ್ಲ ಎಂದುಕೊಂಡು ಪುಸ್ತಕ ತೆಗೆದೆ. ಬರ್ಮುಡಾ ಹುಲ್ಲು ಎಂದರೆ ಸೈನೋಡಾನ್ ಡ್ಯಾಕ್ಟಿಲಾನ್. ಗರಿಕೆ ಎಂದರೂ ಸೈನೋಡಾನ್ ಡ್ಯಾಕ್ಟಿಲಾನ್. ಗಣಪತಿಯ ತಲೆಯ ಮೇಲೆ ಬಿಟ್ಟಿಯಾಗಿ ಕೂರುವುದು ಚದರ ಅಡಿಯ ಲೆಕ್ಕದಲ್ಲಿ ನಮ್ಮ ಮನೆಗೆ ಬಂದಿತ್ತು. ಆ ವರ್ಷದ ಚೌತಿಗೆ ಅಮ್ಮ ನನ್ನ ಲಾನಿನಿಂದಲೇ ಇಪ್ಪತ್ತೊಂದು ಗರಿಕೆ ಕೊಯ್ದಳು. ತಡೆಯುವ ಮುಖ ನನಗಿರಲಿಲ್ಲ.

ಎರಡನೆಯ ಮಳೆಗಾಲಕ್ಕೆ ಕಳೆ ಎದ್ದಿತು. ನಾನು ಕಳೆ ಎಂದೆ, ಅಮ್ಮ ಒಂದೊಂದನ್ನೂ ಹೆಸರು ಹಿಡಿದು ಕರೆದಳು: ಒಂದೆಲಗ, ನೆಲನೆಲ್ಲಿ, ಹೊನಗೊನ್ನೆ. ಮುಟ್ಟಿದರೆ ಮುನಿಯೂ ಬಂತು. ಅದೂ ಅಮೆರಿಕದ ಕಡೆಯದೇ, ಆದರೆ ಪಾಪ, ತನ್ನ ಖರ್ಚಿನಲ್ಲಿ ಬಂದದ್ದು. ಎಲ್ಲಕ್ಕಿಂತ ಹಟಮಾರಿ ಕೊನ್ನಾರಿ ಗಡ್ಡೆ. ಮೇಲಿನ ಎಲೆಯನ್ನು ಕಿತ್ತರೆ ಕೈಗೆ ಎಲೆ ಮಾತ್ರ ಬರುತ್ತದೆ, ಕೆಳಗೆ ಗಡ್ಡೆಗಳು ಸರಪಳಿಯಂತೆ ಒಂದಕ್ಕೊಂದು ಕೈ ಹಿಡಿದುಕೊಂಡು ಕೂತಿರುತ್ತವೆ. ಒಂದು ಕಿತ್ತ ಕಡೆ ನಾಲ್ಕು ಏಳುತ್ತದೆ. ಕಳೆ ಕೀಳಲು ಬಂದಾಕೆ ಲಾನನ್ನು ಒಂದು ಸುತ್ತು ಹಾಕಿ, "ಮೇಷ್ಟ್ರೇ, ಯಾವುದು ಇಟ್ಟುಕೊಳ್ಳುವ ಹುಲ್ಲು, ಯಾವುದು ಕೀಳುವ ಹುಲ್ಲು?" ಎಂದು ಕೇಳಿದಳು. ಸಂಧಿ ಸಮಾಸಗಳನ್ನು ಬಿಡಿಸುವುದನ್ನು ಮೂವತ್ತು ವರ್ಷ ಕಲಿಸಿದ ನನಗೆ ಇದನ್ನು ಬಿಡಿಸಿ ಹೇಳಲಾಗಲಿಲ್ಲ. ಆಕೆ ಒಂದೆಲಗವನ್ನು ಮಾತ್ರ ಜೋಪಾನವಾಗಿ ಮಡಿಲಿಗೆ ತುಂಬಿಕೊಂಡಳು. ಅಮ್ಮ ಅರ್ಧ ಪಾಲು ಕೇಳಿದಳು. ಮಧ್ಯಾಹ್ನ ತಂಬುಳಿ ಆಯಿತು. ನನ್ನ ಲಾನಿನಿಂದ ಈವರೆಗೆ ಬಂದ ಏಕೈಕ ಉತ್ಪತ್ತಿ ಅದು.

ಕಳೆಯಾದರೂ ಎದುರಾಳಿ, ನಿಂತು ಕಾದಾಡುತ್ತದೆ. ಹಾವಸೆ ಹಾಗಲ್ಲ. ಅದಕ್ಕೆ ಬೇರೇ ಇಲ್ಲ, ಕೂದಲೆಳೆಯಂಥ ಹಿಡಿಕೆಗಳಿಂದ ಮಣ್ಣಿಗೆ ಅಂಟಿಕೊಂಡಿರುತ್ತದೆ. ಬೀಜವೂ ಇಲ್ಲ, ಧೂಳಿನಂಥ ಕಣಗಳಿಂದ ಹಬ್ಬುತ್ತದೆ. ಅದು ಹುಲ್ಲನ್ನು ಕೊಲ್ಲುವುದಿಲ್ಲ, ಹುಲ್ಲು ಸೋತು ಬಿಟ್ಟುಕೊಟ್ಟ ಜಾಗದಲ್ಲಿ ಬಂದು ಕೂರುತ್ತದೆ. ನೆರಳು, ತೇವ, ಗಟ್ಟಿಯಾದ ನೆಲ, ಹುಳಿ ಮಣ್ಣು ಇದ್ದಲ್ಲಿ ಹಾವಸೆ ಬರುತ್ತದೆ ಎಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬಾತ ಹೇಳಿದ. ಇದು ಹಾವಸೆಯ ಲಕ್ಷಣವೋ ನಮ್ಮ ತಾಲ್ಲೂಕಿನ ವರ್ಣನೆಯೋ ಎಂದು ಅನುಮಾನವಾಯಿತು. ಪರಿಹಾರವನ್ನೂ ಅವನೇ ಹೇಳಿದ. ಮರ ಕಡಿಸಿ ಬಿಸಿಲು ಬಿಡಿ ಎಂದ. ಮರ ಎಂದರೆ ಅಜ್ಜ ನೆಟ್ಟ ಹಲಸು, ಬಿಸಿಲು ಎಂದರೆ ದೀಪಾವಳಿಯವರೆಗೆ ಊರಿಗೇ ಇಲ್ಲ. ನೆಲ ಒಣಗಲು ಬಿಡಿ ಎಂದ. ಅದು ಪುನರ್ವಸು ಮಳೆ. ಎಂಟು ದಿನದಿಂದ ಪಂಚೆ ಒಣಗದೆ ಬಚ್ಚಲೊಲೆಯ ಮೇಲೆ ಹೊಗೆ ಕುಡಿಯುತ್ತಿತ್ತು. ಪಂಚೆಯನ್ನೇ ಒಣಗಿಸಲಾರದವನು ನೆಲ ಒಣಗಿಸುವುದು ಹೇಗೆ?

ಕೊನೆಗೆ ಫೆರಸ್ ಸಲ್ಫೇಟ್ ಹೊಡೆಯಿರಿ ಎಂದ. ಅದು ನಮ್ಮ ಅನ್ನಭೇದಿ. ಒಂದು ಚೀಲ ತಂದೆ. ಮಳೆ ಬಿಟ್ಟ ಅರ್ಧ ದಿನ ನೋಡಿ ಹೊಡೆದೆ. ಹಾವಸೆ ಕಪ್ಪಾಯಿತು. ಅಂಗಳಕ್ಕೆ ಬೆಂಕಿ ಬಿದ್ದಂತೆ ಕಂಡಿದ್ದರಿಂದ ದಾರಿಹೋಕರು ಒಳಗೆ ಬಂದು ಸಮಾಧಾನ ಹೇಳಿ ಕಾಫಿ ಕುಡಿದು ಹೋದರು. ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಹಾವಸೆ ಮತ್ತೆ ಬಂದಿತ್ತು, ಮೊದಲಿಗಿಂತ ಮೆತ್ತಗೆ, ಮೊದಲಿಗಿಂತ ಹಸಿರಾಗಿ. ನಿಜ ಹೇಳಬೇಕೆಂದರೆ ಹುಲ್ಲಿಗಿಂತ ಚೆನ್ನಾಗಿಯೇ ಇತ್ತು. ಇದನ್ನು ಮನೆಯಲ್ಲಿ ಹೇಳಿಲ್ಲ.

ಅಪ್ಪನ ಕಾಲದಲ್ಲಿ ಮಳೆಗಾಲ ಬಂತೆಂದರೆ ಇದೇ ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತಿದ್ದರು. ಮಣ್ಣು ಕೊಚ್ಚಿಹೋಗುತ್ತಿರಲಿಲ್ಲ, ಕಾಲು ಜಾರುತ್ತಿರಲಿಲ್ಲ. ಮಳೆ ಹೋದ ಮೇಲೆ ಸೋಗೆ ಗೊಬ್ಬರದ ಗುಂಡಿಗೆ, ಅಂಗಳಕ್ಕೆ ಸಗಣಿ, ಅದರ ಮೇಲೆ ಅಡಿಕೆ. ಈಗ ಅಂಗಳದಲ್ಲಿ ಲಾನ್ ಇರುವುದರಿಂದ ನನ್ನ ಅಡಿಕೆ ಪಕ್ಕದ ಮನೆಯವರ ಅಂಗಳದಲ್ಲಿ ಒಣಗುತ್ತದೆ.

ಇದು ನನ್ನೊಬ್ಬನ ಹುಚ್ಚಾಗಿದ್ದರೆ ಸುಮ್ಮನಿರುತ್ತಿದ್ದೆ. ಸುತ್ತಮುತ್ತ ಕಾಡನ್ನು ನೋಡಲು ಬರುವ ಅತಿಥಿಗಳಿಗಾಗಿ ಕಾಡು ಸವರಿ ಲಾನ್ ಮಾಡದ ಹೋಂಸ್ಟೇ ಇಲ್ಲ. ಆ ಲಾನಿನ ಮೇಲೆ ಫೋಟೋಕ್ಕೆ ಕೂತವರು ಏಳುವಾಗ ಇಂಬಳಗಳನ್ನೂ ಕರೆದುಕೊಂಡು ಏಳುತ್ತಾರೆ. ಕಳೆದ ಆಷಾಢದಲ್ಲಿ ಒಂದು ಸರ್ಕಾರಿ ಕಚೇರಿಯ ಮುಂದೆ ಒಬ್ಬಾತ ಎಡಗೈಯಲ್ಲಿ ಕೊಡೆ ಹಿಡಿದು ಬಲಗೈಯಲ್ಲಿ ಪೈಪ್ ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ. ಮಳೆಯಲ್ಲವೇ ಎಂದರೆ, "ಗುತ್ತಿಗೆಯಲ್ಲಿ ದಿನಕ್ಕೆ ಎರಡು ಹೊತ್ತು ನೀರು ಎಂದು ಬರೆದಿದೆ ಸರ್, ಮಳೆ ನಮ್ಮ ಗುತ್ತಿಗೆಯಲ್ಲಿಲ್ಲ" ಎಂದ. ಕಳೆ ತೆಗೆಯುವುದು ಗುತ್ತಿಗೆಯಲ್ಲಿತ್ತು. ಆದ್ದರಿಂದ ಬಿಲ್ಲಿಗೆ ಬೇಕಾದಷ್ಟು ಕಳೆಯನ್ನು ಉಳಿಸಿಕೊಂಡಿದ್ದರು. ಹಾವಸೆ ಅಂದಾಜು ಪಟ್ಟಿಯಲ್ಲೇ ಇಲ್ಲವಾದ ಕಾರಣ ಕಾಗದದ ಪ್ರಕಾರ ಅಲ್ಲಿ ಹಾವಸೆ ಇಲ್ಲ. ಕಚೇರಿಯ ಮೂಲೆಯಲ್ಲಿ "ಹುಲ್ಲಿನ ಮೇಲೆ ನಡೆಯುವುದನ್ನು ನಿಷೇಧಿಸಲಾಗಿದೆ" ಎಂಬ ಫಲಕವಿತ್ತು. ಕೊನೆಯ ಪದವನ್ನು ಹಾವಸೆ ನುಂಗಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಹಾವಸೆಗೆ ಬಹಳ ಅನುಕೂಲ. ಹುಲ್ಲಿನ ಮೇಲೆ ನಡೆಯುವುದನ್ನು ಏನು ಮಾಡಬೇಕೆಂದು ತಿಳಿಯದೆ ಜನ ಅದರ ಮೇಲೆಯೇ ನಡೆದು ಒಳಗೆ ಹೋಗುತ್ತಿದ್ದರು, ಜಾರುತ್ತಿದ್ದರು.

ನನ್ನ ಲಾನಿಗೆ ಈ ನಡುವೆ ಪಕ್ಕದ ಮನೆಯ ಮಲೆನಾಡು ಗಿಡ್ಡ ಹಸು ಬೇಲಿ ನುಸುಳಿ ಬರುತ್ತದೆ. ಆಳೆತ್ತರವೂ ಇಲ್ಲದ ಹಸು, ಸಮನಾಗಿ ಮೇಯುತ್ತದೆ, ಪೆಟ್ರೋಲ್ ಕೇಳುವುದಿಲ್ಲ, ಹೋಗುವಾಗ ಗೊಬ್ಬರ ಕೊಟ್ಟು ಹೋಗುತ್ತದೆ. ಹೆಂಡತಿ ನೋಡುತ್ತಿದ್ದರೆ ಮಾತ್ರ ಕೊಡೆ ಬೀಸಿ ಓಡಿಸುತ್ತೇನೆ.

ನಮ್ಮ ಕೆಳಗಿನ ದಾರಿಯ ಹೋಂಸ್ಟೇಯವರು ಈ ರಗಳೆಯೇ ಬೇಡವೆಂದು ಬೇಸಗೆಯಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿಸಿದರು. ಕೊಯ್ಯುವುದು ಬೇಡ, ಕಳೆ ಬರುವುದಿಲ್ಲ, ಹನ್ನೆರಡು ತಿಂಗಳೂ ಹಸಿರು ಎಂದು ನನ್ನನ್ನು ಕರೆದು ತೋರಿಸಿದರು. ಅದೇ ಹಸು ಅಲ್ಲಿಗೂ ಹೋಗಿ, ಮೂಸಿ, ಸ್ವಲ್ಪ ಹೊತ್ತು ಯೋಚಿಸಿ, ಸಗಣಿ ಹಾಕಿ ಬಂತು. ಮಳೆ ಹಿಡಿದು ಆರು ವಾರವಾಗಿತ್ತು. ಮೊನ್ನೆ ಆಶ್ಲೇಷ ಮಳೆಯ ಒಂದು ಸಂಜೆ ಅವರ ಫೋನ್ ಬಂತು. ಕುಶಲ ಕೇಳಿದರು, ಅಡಿಕೆ ಧಾರಣೆ ಕೇಳಿದರು, ಕೊಳೆರೋಗದ ಬಗ್ಗೆ ಎರಡು ಮಾತು ಆಡಿದರು. ಆಮೇಲೆ ದನಿ ತಗ್ಗಿಸಿ, "ಮೇಷ್ಟ್ರೇ, ನಿಮ್ಮ ಅನ್ನಭೇದಿ ಏನಾದರೂ ಉಳಿದಿದೆಯೇ?" ಎಂದರು.