ಮಡು ಮುಚ್ಚಿಡಿ, ಗಾಳ ಕಟ್ಟುವುದನ್ನಲ್ಲ

ಟೆಕ್ಸಸ್‌ನ ಲೇಕ್ ಫೋರ್ಕ್‌ನಲ್ಲಿ ಅವತ್ತು ನನಗೆ ಒಂದೂ ಬಾಸ್ ಮೀನು ಕಚ್ಚಿರಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅದೇ ನೀರಿನಲ್ಲಿ, ಅದೇ ಬಣ್ಣದ ರಬ್ಬರ್ ಹುಳು ಹಾಕಿ ಮೀನಿನ ಮೇಲೆ ಮೀನು ಎಳೆಯುತ್ತಿದ್ದರು. ನೇರವಾಗಿ ಕೇಳಲು ನಾಲಿಗೆ ಬರಲಿಲ್ಲ, ಓರೆಗಣ್ಣಲ್ಲೇ ನೋಡುತ್ತಿದ್ದೆ. ಅವರೇ ಡಬ್ಬಿ ಹಿಡಿದು ಬಂದರು. ನನ್ನ ಗಾಳ ಬಿಚ್ಚಿಸಿ, ತಮ್ಮದನ್ನು ಹೇಗೆ ಕಟ್ಟಿದ್ದಾರೋ ಹಾಗೇ ನನ್ನ ಕೈಯಲ್ಲಿ ಕಟ್ಟಿಸಿದರು. ಹೆಸರು ಕೂಡ ಕೇಳಲಿಲ್ಲ.

ಅದು ನೆಕೋ ರಿಗ್. ರಿಗ್ ಅಂದರೆ ಕೊಕ್ಕೆ, ತೂಕ, ಹುಳು ಮೂರನ್ನೂ ಜೋಡಿಸಿ ಕಟ್ಟುವ ಬಗೆ. ನಾನು ಅಲ್ಲಿಯವರೆಗೆ ನೆಚ್ಚಿಕೊಂಡಿದ್ದು ಟೆಕ್ಸಸ್ ರಿಗ್ ಅನ್ನು: ಮುಂದೆ ಚೂಪು ಸೀಸ, ಕೊಕ್ಕೆಯ ಮೊನೆ ಹುಳುವಿನ ಮೈಯೊಳಗೆ ಅಡಗಿರುತ್ತದೆ, ಜೊಂಡಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ನೆಕೋದಲ್ಲಿ ಕಟ್ಟುವ ಬಗೆಯೇ ಬೇರೆ. ಐದಿಂಚಿನ ಹುಳುವಿನ ನಡುವಿಗೆ ಒಂದು ರಬ್ಬರ್ ರಿಂಗ್ ಏರಿಸಬೇಕು. ದಪ್ಪ ತುದಿಯೊಳಗೆ ಮೊಳೆಯಂಥ ಪುಟ್ಟ ತೂಕ ಒತ್ತಬೇಕು, ಎರಡು ಗ್ರಾಮೂ ಇರುವುದಿಲ್ಲ ಅದು. ಕೊಕ್ಕೆಯನ್ನು ಅಡ್ಡಕ್ಕೆ ಚುಚ್ಚದೆ, ರಿಂಗಿನ ಅಡಿಯಲ್ಲಿ ಹುಳುವಿನ ಉದ್ದಕ್ಕೇ ತೂರಿಸಬೇಕು. ನೀರಿಗೆ ಬಿಟ್ಟರೆ ಹುಳು ತಲೆಕೆಳಗಾಗಿ ಇಳಿದು ತಳದಲ್ಲಿ ಮೂಗೂರಿ ನಿಲ್ಲುತ್ತದೆ. ರಾಡಿನ ತುದಿಯನ್ನು ಒಂಚೂರು ಅಲುಗಿಸಿದರೆ ಸಾಕು, ಮೇಲಿನ ತುದಿ ನಡುಗುತ್ತದೆ, ಥೇಟ್ ಮಣ್ಣು ಕೆದಕುವ ಜೀವದ ಹಾಗೆ. ಕಚ್ಚಿದ್ದು ಕೈಗೆ ಗೊತ್ತಾಗುವುದಕ್ಕೆ ಮುಂಚೆ ಕಣ್ಣಿಗೆ ಗೊತ್ತಾಯಿತು: ಸಡಿಲವಾಗಿದ್ದ ಲೈನ್ ಸದ್ದಿಲ್ಲದೆ ಪಕ್ಕಕ್ಕೆ ಸರಿಯಿತು. ಜಗ್ಗಬೇಡ, ಲೈನ್ ಬಿಗಿಯಾಗುವವರೆಗೆ ಸುತ್ತು, ಆಮೇಲೆ ರಾಡ್ ವಾಲಿಸು ಅಂದರು. ಹಾಗೇ ಮಾಡಿದೆ, ಬಂತು.

ಈ ರಿಗ್ ಬಂದ ದಾರಿಯೂ ಚೆಂದ. 1925ರಲ್ಲಿ ಅಮೆರಿಕದಿಂದ ಜಪಾನಿನ ಆಶಿ ಸರೋವರಕ್ಕೆ ಬಾಸ್ ಮೀನುಗಳನ್ನು ಒಯ್ದು ಬಿಟ್ಟರು. ಮುಂದೆ ಅಲ್ಲಿನ ಗಾಳಗಾರರು ಹುಷಾರಾದ ಮೀನನ್ನು ಮರುಳು ಮಾಡಲು ಹೊಸ ಹೊಸ ಬಗೆ ಹುಡುಕಿದರು, ನೆಕೋ ಸೇರಿ ಅವು ತಿರುಗಿ ಅಮೆರಿಕಕ್ಕೇ ಬಂದವು. 1932ರಲ್ಲಿ ಜಾರ್ಜಿಯಾದಲ್ಲಿ ಸಿಕ್ಕ ಹತ್ತು ಕಿಲೋ ದಾಟಿದ ಬಾಸ್‌ನ ವಿಶ್ವದಾಖಲೆಯನ್ನು 2009ರಲ್ಲಿ ಸರಿಗಟ್ಟಿದ್ದೂ ಜಪಾನಿನ ಬಿವಾ ಸರೋವರದ ಮೀನೇ. ಕಟ್ಟುವ ಬಗೆಯನ್ನು ಒಬ್ಬೊಬ್ಬರೂ ಎದೆಗವಚಿಕೊಂಡು ಕೂತಿದ್ದರೆ ಇದು ಆ ಸಾಗರ ದಾಟಿ ನನ್ನ ಕೈಗೆ ಬರುತ್ತಿತ್ತೇ?

ನಮ್ಮಲ್ಲಿ ಆಗುವುದೇ ಬೇರೆ, ನನಗೆ ಸಿಟ್ಟು ಬರುವುದೂ ಅದಕ್ಕೇ. ನಮ್ಮ ಮಾವ ಕಾವೇರಿಯಲ್ಲಿ ಬಿಳಿಮೀನಿಗೆ (ಮಹಶೀರ್) ಗಾಳ ಹಾಕುತ್ತಿದ್ದ ಕಾಲದಲ್ಲಿ ರಾಗಿ ಹಿಟ್ಟು ಬೇಯಿಸಿ ಉಂಡೆ ಕಟ್ಟುತ್ತಿದ್ದರು. ರಾಗಿ ಅನ್ನುವುದು ಎಲ್ಲರಿಗೂ ಗೊತ್ತು. ಅದರ ಜೊತೆ ಏನೇನು ಸೇರಿಸುತ್ತಿದ್ದರು, ಎಷ್ಟು ಬೇಯಿಸಿದರೆ ಆ ಸೆಳವಿನಲ್ಲೂ ಉಂಡೆ ಕೊಕ್ಕೆ ಬಿಟ್ಟು ಕದಲುವುದಿಲ್ಲ, ಅದನ್ನು ಮಾತ್ರ ನಮಗೆ ಬೆನ್ನು ಹಾಕಿಯೇ ಮಾಡುತ್ತಿದ್ದರು. ಸ್ವಂತ ಅಳಿಯಂದಿರಿಗೂ ಹೇಳಲಿಲ್ಲ. ಕೇಳಿದರೆ "ನೋಡ್ತಾ ನೋಡ್ತಾ ಬರುತ್ತೆ, ಹೋಗ್ರಯ್ಯ" ಅನ್ನುತ್ತಿದ್ದರು. ಮಾವ ಹೋದರು, ಆ ಹಿಟ್ಟೂ ಅವರ ಜೊತೆಗೇ ಹೋಯಿತು. ಊರಿಗೊಬ್ಬ ಇಂಥವರು ಇದ್ದೇ ಇದ್ದರಲ್ಲ. ಅವರು ತಲೆಮಾರುಗಳಿಂದ ಹೊಳೆ ನೋಡಿ ಕಲಿತದ್ದೆಲ್ಲ ಹೀಗೇ ಮಣ್ಣಾಯಿತು. ಬಚ್ಚಿಟ್ಟರೆ ಬೆಲೆ ಅನ್ನುವ ಆ ಹಟವನ್ನು ನಾನು ಇವತ್ತಿಗೂ ಒಪ್ಪಲಾರೆ.

ಒಂದು ಮಾತು ಮಾತ್ರ ಒಪ್ಪಬೇಕಾಗುತ್ತದೆ. ಇಲ್ಲಿನವರ ಧಾರಾಳಕ್ಕೆ ಕಾನೂನಿನ ಬೆಂಬಲ ಇದೆ. ಲೇಕ್ ಫೋರ್ಕ್‌ನಲ್ಲಿ 16 ಇಂಚಿಗಿಂತ ಉದ್ದ, 24 ಇಂಚಿಗಿಂತ ಗಿಡ್ಡ ಇರುವ ಬಾಸ್ ಅನ್ನು ಯಾರೂ ಒಯ್ಯುವಂತಿಲ್ಲ, ನೀರಿಗೇ ಬಿಡಬೇಕು. ಪಂದ್ಯಗಳಲ್ಲೂ ಹಿಡಿದ ಮೀನನ್ನು ಜೀವಂತ ಬಿಡುವ ರೂಢಿ 1970ರ ದಶಕದಿಂದಲೇ ಬೇರೂರಿದೆ. ನೂರು ಜನ ನೆಕೋ ರಿಗ್ ಕಲಿತರೂ ಕೆರೆ ಬರಿದಾಗುವುದಿಲ್ಲ. ಆದರೆ ಕಾವೇರಿಯ ಆ ಬಿಳಿಮೀನು 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು. ಡೈನಮೈಟ್ ಹಾಕುವ ಕೈಗಳಿದ್ದ ಹೊಳೆಯಲ್ಲಿ ಮಾವ ಬಾಯಿ ಬಿಗಿಹಿಡಿದದ್ದರಿಂದ ಒಂದೆರಡು ಮಡುವಾದರೂ ಅಷ್ಟು ಕಾಲ ಉಳಿದಿದ್ದೀತು. ಇನ್ನು ಇಲ್ಲಿನವರೂ ಎಲ್ಲವನ್ನೂ ಬಾಯಿಬಿಡುವುದಿಲ್ಲ. ಕಟ್ಟಲು ಕಲಿಸಿದ ಆ ಹಿರಿಯರು, ದೊಡ್ಡ ಮೀನು ಎಲ್ಲಿದೆ ಎಂದು ಕೇಳಿದಾಗ ನಕ್ಕು ಸುಮ್ಮನಾದರು. ಹರಿದ ರಬ್ಬರ್ ಹುಳುಗಳನ್ನು ನೀರಿಗೇ ಎಸೆಯುವವರನ್ನೂ ಇಲ್ಲಿ ನೋಡಿದ್ದೇನೆ, ಎರೆಹುಳು ಹಾಕುವ ನಮ್ಮವರಿಗೆ ಆ ಪಾಪ ಇಲ್ಲ.

ಹಾಗಾಗಿ ಊರಲ್ಲಿ ಇನ್ನೂ ಉಳಿದಿರುವ ಹಳೆಯ ಗಾಳಗಾರರನ್ನು ಮಡು ಎಲ್ಲಿದೆ ಎಂದು ಕೇಳಬೇಡಿ. ಹಿಟ್ಟು ಹೇಗೆ ಕಲಸುತ್ತಿದ್ದಿರಿ, ಕೊಕ್ಕೆಗೆ ದಾರ ಯಾವ ಗಂಟಿನಲ್ಲಿ ಬಿಗಿಯುತ್ತಿದ್ದಿರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನನಗೂ ಒಂದು ಪ್ರತಿ ಕಳಿಸಿ.