ಕೇಳೋದೇ ಮರೆತುಹೋಯ್ತು

ವಯಸ್ಸಾದಂತೆ ಭಕ್ತಿ ತಾನಾಗಿಯೇ ಜಾಸ್ತಿ ಆಗುತ್ತದೆ ಅಂತ ಬರೆದಿದ್ದೀರಿ ಮೇಡಂ. ನನಗೇನೋ ಹಾಗೆ ಅನ್ನಿಸಲಿಲ್ಲ.

ನಾನು ಹಾಸನದವನು, ವಯಸ್ಸು 71. 2006ರ ಮಹಾಮಸ್ತಕಾಭಿಷೇಕದ ವರ್ಷ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಒಂದೇ ಉಸಿರಿಗೆ ಹತ್ತಿದ್ದೆ. ಮಗನ ಕೆಲಸ, ಸೈಟಿನ ಕೇಸು, ನನ್ನ ಬಿ.ಪಿ., ಬಾಹುಬಲಿಯ ಹತ್ತಿರ ಕೇಳಿದ್ದೇ ಕೇಳಿದ್ದು. ಎಲ್ಲ ಬಿಟ್ಟು ನಿಂತವರ ಹತ್ತಿರ ಹೋಗಿ ಕೇಳ್ತೀರಲ್ಲ ಅಂತ ಮನೆಯವಳು ನಕ್ಕಿದ್ದಳು.

ಹೋದ ತಿಂಗಳು ಮತ್ತೆ ಹೋಗಿದ್ದೆ. 600ಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲು, ಕಾದ ಬಂಡೆ. ಡೋಲಿಯವರು ಕರೆದರು, ಮುಜುಗರವಾಗಿ ಬೇಡ ಅಂದೆ. (ತಪ್ಪು ಮಾಡಿದೆ ಬಿಡಿ, ಮಂಡಿ ಇನ್ನೂ ನೋಯುತ್ತಿದೆ.) ಕೂತು ಕೂತು ಹತ್ತಿದೆ. 58 ಅಡಿ ಮೂರ್ತಿ, ಯಾವಾಗಲೂ ಮುಖ ನೋಡಿಯೇ ಅಭ್ಯಾಸ. ಈ ಸಲ ಕತ್ತು ಎತ್ತಲು ಆಗದೆ ಸುಮ್ನೆ ಪಾದದ ಕಡೆ ನೋಡುತ್ತಾ ಕೂತೆ. ಅಕ್ಕಪಕ್ಕ ಹುತ್ತ, ಅದರಿಂದ ಹೊರಗೆ ತಲೆ ಹಾಕಿದ ಹಾವು, ತೊಡೆ ಸುತ್ತಿ ತೋಳಿನವರೆಗೆ ಹಬ್ಬಿದ ಬಳ್ಳಿ. ಇಷ್ಟು ವರ್ಷ ಇದನ್ನೆಲ್ಲ ಸರಿಯಾಗಿ ನೋಡೇ ಇರಲಿಲ್ಲ!

ಕೇಳಬೇಕು ಅಂತ ಹೊತ್ತುಕೊಂಡು ಹೋಗಿದ್ದ ಒಂದೆರಡು ವಿಷಯ ಇಳಿದು ಬಸ್ಸು ಹತ್ತಿದ ಮೇಲೆ ನೆನಪಾಯಿತು. ಇದು ಭಕ್ತಿಯೋ, ಮರೆವೋ? ಮನೆಯವಳು ಇದ್ದಿದ್ದರೆ ಮರೆವು ಅಂತಲೇ ಹೇಳುತ್ತಿದ್ದಳು.